ಹುಲ್ಲೊಳಗೆ ನಿಂತವರು

ಕೇಳ್ರಪ್ಪಾ, ಕೇಳ್ರವ್ವಾ. ಕಾರೆಗುಡ್ಡ ಅಂತ ಒಂದು ರಾಜ್ಯ. ಅಲ್ಲೊಬ್ಬ ಸಿಂಹರಾಜ. ವಯಸ್ಸಾಗಿತ್ತು, ಉಂಡರೆ ತೂಕಡಿಕೆ. ರಾಜ್ಯ ನಡೆಸುತ್ತಿದ್ದವನು ಮಂತ್ರಿ ನರಿ. ಆದರೂ ಹಳೇ ಕಟ್ಟಳೆಯೊಂದಿತ್ತು. ಸಭೆ ಒಪ್ಪದೆ ಏನೂ ಆಗಕೂಡದು. ಒಪ್ಪಿದವರು ಕೂತಿರಬೇಕು, ಒಪ್ಪದವರು ಎದ್ದು ನಿಲ್ಲಬೇಕು. ತಲೆ ಎಣಿಸುವವನು ಯಾರು? ಅದೇ ನರಿ! ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗೆ.

ಮೊಲ, ಅಳಿಲು, ಮುಳ್ಳುಹಂದಿ, ಇವು ಮೂರು ಸಣ್ಣ ಕುಲಗಳು. ನರಿ ಒಂದೊಂದಕ್ಕೂ ಸಭೆಯ ಒಂದೊಂದು ಮೂಲೆಯಲ್ಲಿ ಬೇರೆ ಜಾಗ ಕೊಟ್ಟಿದ್ದ. ಗೌರವದ ಜಾಗವಂತೆ. ಸುತ್ತ ಆಳೆತ್ತರದ ಹುಲ್ಲು. ನಮ್ಮ ಹುಲ್ಲೇ ಹಸಿರು, ನಮ್ಮ ಹುಲ್ಲೇ ಎತ್ತರ ಅಂತ ಮೂರೂ ಕುಲದವರು ಬೀಗಿದ್ದೇ ಬೀಗಿದ್ದು. ಮುಳ್ಳುಹಂದಿಗಳ ಯಜಮಾನಿ ಚೌಡಕ್ಕನಂತೂ ಕೈಗೇ ಸಿಗುತ್ತಿರಲಿಲ್ಲ.

ಒಂದು ಸಭೆಯಲ್ಲಿ ನರಿ, ಮೊಲಗಳ ಗರಿಕೆ ಬಯಲು ತನ್ನ ಬಳಗಕ್ಕೆ ಬೇಕೆಂದ. ಮೊಲಗಳು ಎದ್ದು ನಿಂತವು. ಗರಿಕೆ ನಾವು ತಿನ್ನೋದಿಲ್ಲ, ಊರ ಉಸಾಬರಿ ನಮಗ್ಯಾಕೆ ಅಂತ ಚೌಡಕ್ಕ ಕೂತಳು, ಅಳಿಲುಗಳೂ ಕೂತವು. ಸಿಂಹ ಕಣ್ಣು ಮುಚ್ಚಿಕೊಂಡೇ, ಯಾರಾದರೂ ನಿಂತಿದ್ದಾರೇನಯ್ಯ ಅಂತ ಕೇಳಿದ. ಯಾರೂ ಇಲ್ಲ ಮಹಾಪ್ರಭು, ಅಂದ ನರಿ. ಬಯಲು ಹೋಯಿತು.

ಮತ್ತೊಂದು ಸಭೆಯಲ್ಲಿ ಅಳಿಲುಗಳ ಅತ್ತಿಮರ ಕೇಳಿದ. ಅಳಿಲುಗಳು ನಿಂತವು. ಮೊಲಗಳು ಮುನಿಸಿಕೊಂಡು ಕೂತವು. ಮರ ಹತ್ತುವವರ ಪಾಡು ಮರ ಹತ್ತುವವರಿಗೆ ಅಂತ ಚೌಡಕ್ಕನೂ ಕೂತಳು. ಯಾರೂ ಇಲ್ಲ ಮಹಾಪ್ರಭು, ಅಂದ ನರಿ. ಮರವೂ ಹೋಯಿತು.

ಮುಂದಿನ ಸಭೆಗೆ ಮೂರನೆಯ ಸರದಿ ಚೌಡಕ್ಕನ ಕೆರೆದಂಡೆಯ ಬಿಲದ್ದು ಅಂತ ಸುದ್ದಿ ಬಂತು. ಒಳಗೆ ಇನ್ನೂ ಮುಳ್ಳು ಬಲಿಯದ ಮರಿಗಳು! ಅವಳು ಬಿಂಕ ಬಿಟ್ಟು ಮೊಲದಣ್ಣನ ಹತ್ತಿರ ಓಡಿದಳು. ಅಳಿಲವ್ವನೂ ಅಲ್ಲೇ ಇದ್ದಳು.

"ನಮ್ಮ ಬಯಲು ಹೋದಾಗ ನೀನೇನು ಮಾಡ್ತಿದ್ದೆ ಚೌಡಕ್ಕ?" ಅಂದ ಮೊಲದಣ್ಣ.

"ಗೆಡ್ಡೆ ಮೆಲ್ಲುತ್ತಾ ಕೂತಿದ್ದೆ ಕಣಣ್ಣ. ತಪ್ಪಾಯ್ತು. ನೀವು ನಿಂತದ್ದು ಹುಲ್ಲಿನಾಚೆ ನನಗೆ ಕಾಣಲೂ ಇಲ್ಲ."

ಹಾಗಾದರೆ ನಾವು ನಿಂತದ್ದಾದರೂ ಕಂಡಿತಾ ಅಂತ ಅಳಿಲವ್ವ ಕೇಳಿದಳು. ಅದೂ ಯಾರಿಗೂ ಕಂಡಿರಲಿಲ್ಲ. ಚೌಡಕ್ಕನ ಮೈಮುಳ್ಳೆಲ್ಲ ನೆಟ್ಟಗಾದವು. ಕಳ್ಳ ನರಿ ಕೊಟ್ಟದ್ದು ಗೌರವವಲ್ಲ, ತಡಿಕೆ ಅಂತ ಆಗ ತಿಳಿಯಿತು.

ಸಭೆಯ ದಿನ ಮೂರೂ ಕುಲಗಳು ಮೂಲೆ ಬಿಟ್ಟು, ಹುಲ್ಲಿಲ್ಲದ ನಡುಬಯಲಿಗೆ ಬಂದು ಒಟ್ಟಿಗೆ ಕೂತವು. ನಿಮ್ಮ ನಿಮ್ಮ ಜಾಗಕ್ಕೆ ಹೋಗಿ ಅಂತ ನರಿ ಗದರಿಸಿದ. ನಿಲ್ಲಬೇಕು ಅಂತ ಕಟ್ಟಳೆ ಇದೆ, ಎಲ್ಲಿ ನಿಲ್ಲಬೇಕು ಅಂತ ಇಲ್ಲ ಅಂದಳು ಚೌಡಕ್ಕ. ಬಿಲದ ಮಾತು ಬಂತು. ಮೂರೂ ಕುಲದವರು ದಬದಬನೆ ಎದ್ದರು. ಮುಳ್ಳುಹಂದಿಗಳು ಮುಳ್ಳು ಕೊಡವಿದ ಸದ್ದಿಗೆ ಸಿಂಹ ಕಣ್ಣು ಬಿಟ್ಟ. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ನಿಂತವರು ಕೂತವರಿಗಿಂತ ಹೆಚ್ಚಿದ್ದರು.

ನರಿ ತಾನು ತಲೆ ಎಣಿಸಲು ನಿಲ್ಲುತ್ತಿದ್ದ ಬಂಡೆಯಿಂದಿಳಿದು ಚೌಡಕ್ಕನ ಕಿವಿಯಲ್ಲಿ ಉಸುರಿದ. ನಿನ್ನ ಬಿಲ ನೀನೇ ಇಟ್ಟುಕೋ, ಸುಮ್ಮನೆ ಕೂತುಬಿಡು, ಮೊಲ ಅಳಿಲಿನ ಗೊಡವೆ ನಿನಗೇಕೆ? ಮರಿಗಳು ಕಣ್ಣ ಮುಂದೆ ಬಂದವು. ಪಕ್ಕದಲ್ಲಿ ಮೊಲದಣ್ಣ ಉಸಿರು ಬಿಗಿಹಿಡಿದು ನಿಂತಿದ್ದ. ಚೌಡಕ್ಕ ರಾಜನಿಗೆ ಕೇಳುವ ಹಾಗೆ ಅಂದಳು:

"ಇವರ ಬಯಲು ವಾಪಸ್ ಬರಲಿ. ಇವರ ಮರ ವಾಪಸ್ ಬರಲಿ. ಅಲ್ಲೀವರೆಗೂ ನಮ್ಮಲ್ಲಿ ಒಬ್ಬರೂ ಕೂರೋದಿಲ್ಲ."

ಒಬ್ಬರೂ ಕೂರಲಿಲ್ಲ. ಬಿಸಿಲೇರಿತು, ಆಗಲೂ ಕೂರಲಿಲ್ಲ. ಸಿಂಹ ತಾನೇ ತಲೆ ಎಣಿಸಿದ, ಹಿಂದೆಯೂ ಹೀಗೇ ನಿಂತಿದ್ದೆವು ಅಂತ ಮೊಲ ಅಳಿಲುಗಳು ಹೇಳಿದಾಗ ನರಿಯ ಹಳೇ ಎಣಿಕೆಯೂ ಬಯಲಾಯಿತು. ಬಯಲು ಮೊಲಕ್ಕೆ, ಮರ ಅಳಿಲಿಗೆ ಮರಳಿತು, ಬಿಲ ಚೌಡಕ್ಕನಿಗೆ ಉಳಿಯಿತು. ನರಿಗೂ ಒಂದು ಜಾಗ ಸಿಕ್ಕಿತು ಅನ್ನಿ. ಎತ್ತರದ ಹುಲ್ಲಿನ ಗೌರವದ ಮೂಲೆ! ಈಗಲೂ ಪ್ರತಿ ಸಭೆಯಲ್ಲಿ ಎದ್ದು ನಿಲ್ಲುತ್ತಾನಂತೆ. ಯಾರಿಗೂ ಕಾಣುವುದಿಲ್ಲ.

ನೀತಿ ಇಷ್ಟೇ ಮಕ್ಕಳೇ: ನೆರೆಯವರ ಸರದಿಗೆ ಕೂತವರು, ತಮ್ಮ ಸರದಿಗೆ ನಿಂತರೂ ಲೆಕ್ಕಕ್ಕೆ ಬರುವುದಿಲ್ಲ. ಸಣ್ಣವರು ಎದ್ದರೆ ಒಟ್ಟಿಗೆ ಏಳಬೇಕು, ಕೂತರೂ ಒಟ್ಟಿಗೇ ಕೂರಬೇಕು.