ಆಚೆ ದಡದಿಂದ ಬರಬೇಕಾಗಿದ್ದ ಕಡಲಸಿಂಹಗಳು

"ತಪ್ಪಾಗಿದ್ದರೆ ಮುಂದೆ ಯಾರಾದರೂ ತಿದ್ದುತ್ತಾರೆ ಸರ್. ಸದ್ಯಕ್ಕೆ ಎರಡನ್ನೂ ಒಂದೇ ಹೆಸರಿನಲ್ಲಿ ಬರೆದರೆ ಏನು ಮುಳುಗಿಹೋಗುತ್ತದೆ?" ಎಂದು ನಾಗವೇಣಿ ಕೇಳಿದಳು.

ಅವಳ ಮುಂದೆ ಎರಡು ಗಾಜಿನ ಭರಣಿಗಳಲ್ಲಿ ಕಾರವಾರದ ಕಡಲಿನ ಎರಡು ಏಡಿಗಳಿದ್ದವು. ಒಂದು ಬೇಕಾದಷ್ಟು ಸಿಗುವುದು, ಇನ್ನೊಂದು ಈಚೆಗೆ ಅಪರೂಪ. ಎರಡೂ ಒಂದೇ ಪ್ರಭೇದವೋ ಬೇರೆಯೋ ಎಂದು ತೀರ್ಮಾನಿಸಲು ಇನ್ನೂ ಒಂದು ವರ್ಷ ಬೇಕಿತ್ತು. ಅವಳಿಗೋ ಪ್ರಬಂಧ ಮುಗಿಸುವ ಆತುರ. ಗಾಂವಕರ ಮಾಸ್ತರರು ಪ್ರಾಣಿಗಳನ್ನು ವಿಂಗಡಿಸಿ ಹೆಸರಿಡುವ ಶಾಸ್ತ್ರವನ್ನು ಬಾಳೆಲ್ಲ ಕಲಿಸಿದವರು. ಇಂಥ ಮಾತಿಗೆ ಥಟ್ಟನೆ ರೇಗುವವರು. ಅಂದು ರೇಗಲಿಲ್ಲ. ಕನ್ನಡಕ ತೆಗೆದಿಟ್ಟು ಒಂದು ಕತೆ ಹೇಳಿದರು.

ಪೂರ್ವದ ಕಡಲಿನಲ್ಲಿ ಒಂದು ದ್ವೀಪ. ವಸಂತ ಬಂತೆಂದರೆ ಅಲ್ಲಿಯ ಬಂಡೆಗಳ ಮೇಲೆ ಕಡಲಸಿಂಹಗಳು ಹತ್ತಿ ಮಲಗುತ್ತಿದ್ದವು. ಮರಿ ಹಾಕುತ್ತಿದ್ದವು. ಹೆಸರಿಗೆ ಸಿಂಹ, ಕೂಗು ಮಾತ್ರ ನಾಯಿಯದು, ಹಗಲಿರುಳು ಬೊಗಳುತ್ತಿದ್ದವು. ದೂರದೇಶದ ಒಬ್ಬ ಪಂಡಿತನಿಗೆ ಅವುಗಳ ಒಂದು ಬುರುಡೆ ಸಿಕ್ಕಿತು. ಇದೊಂದು ಬೇರೆಯೇ ಪ್ರಭೇದ ಎಂದು ಅವನು ಹೆಸರಿಟ್ಟ. ಅವನ ನಂತರ ಇನ್ನೊಬ್ಬ ಪಂಡಿತ ಬಂದ. ಇವನ ಹೆಸರು ದೊಡ್ಡದು, ಕೆಲಸ ಬಹಳ, ಪುರುಸೊತ್ತು ಕಡಿಮೆ. ಮಹಾಸಾಗರದ ಆಚೆ ದಡದಲ್ಲಿ ಲೆಕ್ಕವಿಲ್ಲದಷ್ಟು ಕಡಲಸಿಂಹಗಳಿವೆಯಲ್ಲ, ಇವೂ ಅವೇ, ಬೇಕಾದರೆ ಉಪಪ್ರಭೇದ ಎನ್ನಿ, ಎಂದ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಪಂಡಿತರಿಗೂ ಸಲ್ಲುತ್ತದೆ. ಎಲ್ಲರೂ ತಲೆದೂಗಿದರು.

ಆ ದ್ವೀಪದಲ್ಲಿ ಒಬ್ಬ ಬೇಟೆಗಾರನಿದ್ದ. ಕಡಲಸಿಂಹದ ಎಣ್ಣೆ, ಚರ್ಮ ಮಾರಿ ಬದುಕುತ್ತಿದ್ದ. ಮನೆಯಲ್ಲಿ ಹೆಂಡತಿ, ತೊಟ್ಟಿಲಲ್ಲಿ ಮಗಳು. ಗದ್ದಲಕ್ಕೆ ಎಚ್ಚೆತ್ತು ಕೂಸು ಅತ್ತರೆ, "ಇವುಗಳ ಬಾಯಿಗೆ ಮಣ್ಣು ಬೀಳ" ಎಂದು ಹೆಂಡತಿ ಬೈಯುತ್ತಿದ್ದಳು. ಆಮೇಲೆ ಅವಳೇ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು ಅವುಗಳನ್ನು ತೋರಿಸುತ್ತಿದ್ದಳು. ಅವನು ನಗುತ್ತಿದ್ದ.

ಕೆಲವು ವರ್ಷಗಳಲ್ಲಿ ಬಂಡೆಗಳು ಬರಿದಾಗತೊಡಗಿದವು. ಬೇಟೆಗಾರ ಎಣ್ಣೆ ಕೊಳ್ಳುವ ವ್ಯಾಪಾರಿಯನ್ನು ಕೇಳಿದ. "ಈಚೆಗೆ ಕಡಿಮೆ ಬರುತ್ತಿವೆ. ಮರಿಗಳು ಬೆಳೆಯುವವರೆಗೆ ಬೇಟೆ ನಿಲ್ಲಿಸೋಣವೇ?"

ವ್ಯಾಪಾರಿ ನಕ್ಕ. "ಆಚೆ ದಡದಲ್ಲಿ ಇರುವುದೂ ಇವೇ ಎಂದು ಓದಿದವರೇ ಬರೆದಿದ್ದಾರೆ. ಇಲ್ಲಿ ಮುಗಿದರೆ ಅಲ್ಲಿಂದ ಬರುತ್ತವೆ. ಕಡಲಿಗೇನು ಬಾಗಿಲು ಹಾಕಿದೆಯೇ?"

ಬೇಟೆಗಾರ ಕೆಟ್ಟವನಲ್ಲ. ಓದಿದವರ ಮಾತನ್ನು ನಂಬಿದ, ಅಷ್ಟೇ. ಮರುದಿನ ಈಟಿ ಹಿಡಿದು ಹೊರಟ.

ಒಂದು ವಸಂತದಲ್ಲಿ ಒಂದೂ ಬರಲಿಲ್ಲ. ದೂರದ ದಾರಿ, ತಡವಾಗಿರಬೇಕು ಎಂದುಕೊಂಡ. ಹೊಟ್ಟೆಪಾಡಿಗೆ ಮೀನು ಹಿಡಿದ. ಹೆಂಡತಿ ತೀರಿಕೊಂಡಳು. ಮಗಳಿಗೆ ಮಕ್ಕಳಾದವು. ಪ್ರತಿ ವಸಂತದಲ್ಲೂ ಅವನು ಬಂಡೆಗಳ ಬಳಿ ಹೋಗಿ ಕೂರುತ್ತಿದ್ದ. ಗದ್ದಲವಿಲ್ಲದ ವಸಂತ ಅವನಿಗೆ ವಸಂತವೇ ಅನ್ನಿಸುತ್ತಿರಲಿಲ್ಲ. ಆ ಬೊಗಳಾಟವೂ ಹೆಂಡತಿಯ ಬೈಗುಳವೂ ಅವನ ನೆನಪಿನಲ್ಲಿ ಒಟ್ಟಿಗೇ ಕೇಳಿಸುತ್ತಿದ್ದವು. ಆ ದಿನಗಳು ಮರಳಿ ಬೇಕು ಎಂದು ಅವನ ಜೀವ ಹಂಬಲಿಸುತ್ತಿತ್ತು. ಹೆಂಡತಿ ಇನ್ನು ಬರುವುದಿಲ್ಲ ಎಂದು ಗೊತ್ತಿತ್ತು. ಅವು ಬರುತ್ತವೆ ಎಂದು ನಂಬಿದ್ದ.

ಅವನು ಹಣ್ಣುಮುದುಕನಾದಾಗ ಮೂರನೆಯ ಪಂಡಿತ ಬಂದ. ಒಳ್ಳೆಯವನು, ತಾಳ್ಮೆಯವನು. ಮುದುಕನ ಹಿತ್ತಿಲಲ್ಲಿ ಬಿದ್ದಿದ್ದ ಹಳೆಯ ಬುರುಡೆಗಳನ್ನು ಕೇಳಿ ಪಡೆದ. ಅಳೆದ, ಆಚೆ ದಡದವುಗಳ ಜೊತೆ ಹೋಲಿಸಿದ. ಮರುವರ್ಷ ಸಂತೋಷದಿಂದ ಮತ್ತೆ ಬಂದ.

"ಅಜ್ಜ, ನಿಮ್ಮವು ಬೇರೆಯೇ ಪ್ರಭೇದ. ಮೊದಲನೆಯ ಪಂಡಿತನೇ ಸರಿ. ಅವನಿಟ್ಟ ಹೆಸರನ್ನು ಮತ್ತೆ ಕೊಟ್ಟಿದ್ದೇವೆ. ನಿಮ್ಮ ದ್ವೀಪಕ್ಕೆ ಹೆಮ್ಮೆಯ ವಿಷಯ."

ಮುದುಕ ಕಡಲಿನತ್ತ ಕೈ ತೋರಿಸಿದ. "ಹಾಗಾದರೆ ಆಚೆ ದಡದಲ್ಲಿ ಇರುವುದು ಇವಲ್ಲವೇ? ಅಲ್ಲಿಂದ ಬರುವುದಿಲ್ಲವೇ?"

ಪಂಡಿತನಿಗೆ ಆಗ ಅರ್ಥವಾಯಿತು. ತಲೆ ತಗ್ಗಿಸಿದ. ಮುದುಕ ಎದ್ದು ಒಳಗೆ ಹೋದ. ಮುಂದಿನ ವಸಂತದಲ್ಲಿ ಅವನು ಬಂಡೆಗಳ ಬಳಿ ಹೋಗಲಿಲ್ಲ.

ಇಷ್ಟು ಹೇಳಿ ಮಾಸ್ತರರು ಕನ್ನಡಕ ಒರೆಸಿಕೊಂಡರು. ನಾಗವೇಣಿಗೆ ಮುದುಕನ ಮೇಲೆ ಮರುಕ ಹುಟ್ಟಿತ್ತು. "ಪಾಪ, ಅವನಿಗೆ ಆ ನಿಜವನ್ನು ಹೇಳಲೇಬಾರದಿತ್ತು ಸರ್" ಎಂದಳು.

"ಹೇಳಲೇಬೇಕಿತ್ತು ತಂಗಿ," ಎಂದರು ಮಾಸ್ತರರು, "ಬೇಟೆ ನಿಲ್ಲಿಸೋಣವೇ ಎಂದು ಅವನು ಕೇಳಿದನಲ್ಲ, ಆ ದಿನ."

ನಾಗವೇಣಿ ಎರಡು ಭರಣಿಗಳನ್ನೂ ಮತ್ತೆ ತನ್ನ ಮುಂದೆ ಎಳೆದುಕೊಂಡಳು.