ಯಂತ್ರದ ಬಾಯಿ ಮುಚ್ಚಿಸಿದವನು

"ನನಗೇನೂ ಆಗಿಲ್ರಿ. ನೀವು ಮಗ್ಗಕ್ಕ ಹೋಗ್ರಿ."

ದುಂಡಪ್ಪನಿಗೆ ಹೆಂಡತಿ ನೀಲವ್ವ ಹೇಳಿದ ಕಡೆಯ ಮಾತು ಇದು. ಅವನು ಹೋದ. ಸಂಜೆ ಮನೆಗೆ ಬಂದಾಗ ಮತ್ತೊಂದು ಮಾತು ಹೇಳಲು ಅವಳು ಬದುಕಿರಲಿಲ್ಲ.

ವರ್ಷ ತುಂಬುವ ಮೊದಲೇ ಮಗ್ಗ ಬಿಟ್ಟು ಹೊಳೆದಂಡೆಯ ಮಠ ಸೇರಿದ. ಕಸ ಹೊಡೆಯುತ್ತೇನೆ ಎಂದ. ಮಠದ ಅಜ್ಜಾರು ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು.

"ನಾ ಏಳನೇತ್ತಾ ತನಕ ಸಾಲಿ ಕಲ್ತಾಂವ್ರಿ, ಅಜ್ಜಾರ."

"ಸಾವಿರ ಎಳಿ ಎಣಸಾಂವಗ ಇಪ್ಪತ್ತಾರು ಅಕ್ಷರ ಹೆಚ್ಚಾದುವೇನು?"

ಹುಣ್ಣಿಮೆಗೊಮ್ಮೆ ಮಠದಲ್ಲಿ ಮೂರ್ಛೆರೋಗದವರಿಗೆ ತಿಂಗಳ ಗುಳಿಗೆ ಕೊಡುತ್ತಿದ್ದರು. ಪಟ್ಟಿ ತೆಗೆಯುವ ಪ್ರೋಗ್ರಾಂ ಅಜ್ಜಾರೇ ಬರೆದದ್ದು. ಕಾವಿ ಉಡುವ ಮೊದಲು ಅವರು ಅದನ್ನೇ ಕಲಿಸುವ ಮಾಸ್ತರರು. ಡೇಟಾಬೇಸಿನಲ್ಲಿ ರೋಗಿಯ ಹೆಸರು, ಪಕ್ಕದಲ್ಲಿ ನೋಡಿಕೊಳ್ಳುವವರ ಹೆಸರು. ಕೂಗಿದಾಗ ಇಬ್ಬರೂ ಬರಬೇಕು. ನೋಡಿಕೊಳ್ಳುವವರು ನೀರು ಕೊಡಬೇಕು, ಮೊದಲ ಗುಳಿಗೆ ಅಲ್ಲೇ ನುಂಗಬೇಕು. ಮಠದ ಪದ್ಧತಿ ಅದು.

ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಪೊಟ್ಟಣವಿಲ್ಲ. ಪೊಟ್ಟಣ ತಪ್ಪಿದರೆ ಹೊಲದಲ್ಲೋ, ಉರಿಯುವ ಒಲೆಯ ಮುಂದೋ ಬೀಳುವುದು.

ಹುಣ್ಣಿಮೆಯ ಮುನ್ನಾದಿನ ಮಧ್ಯಾಹ್ನ ದುಂಡಪ್ಪ ಪಟ್ಟಿಯ ಗುಂಡಿ ಒತ್ತಿದ. ಕೆಂಪು ಗುರುತು ಬಂತು. ಕೆಳಗೆ ಇಂಗ್ಲಿಷಿನ ಎರಡು ಸಾಲು.

ಓಕೆ ಒತ್ತಿದ. ಮತ್ತೆ ಅದೇ. ಯಂತ್ರ ಆರಿಸಿ ಹಚ್ಚಿದ. ಮತ್ತೆ ಅದೇ.

ಹೊರಗೆ ಗುಳಿಗೆ ಕಟ್ಟುವವರು ಕಾದು ಕೂತಿದ್ದರು.

"ದುಂಡಪ್ಪಣ್ಣಾ, ಪಟ್ಟಿ ನೇಯಾಕತ್ತೀಯೇನು?" ಎಂದು ಗಂಗವ್ವ ಕೂಗಿದಳು. ಉಳಿದವರು ನಕ್ಕರು.

ಅವನ ನೋಟ್‌ಬುಕ್ಕಿನಲ್ಲಿ ಅಜ್ಜಾರು ಬರೆಸಿದ್ದ ಒಂದು ಸಾಲಿತ್ತು. ತಪ್ಪು ಬಂದರೆ ಹೇಳಬೇಡ, ದಾಟಿ ಮುಂದೆ ಹೋಗು ಎಂದು ಯಂತ್ರಕ್ಕೆ ಅಪ್ಪಣೆ ಕೊಡುವ ಸಾಲು. ಪಕ್ಕದಲ್ಲಿ ಅವರೇ ಬರೆಸಿದ್ದರು: ಬಳಸಬಾರದು.

ದುಂಡಪ್ಪ ಒಂದೊಂದೇ ಅಕ್ಷರ ಹುಡುಕಿ ಅದನ್ನು ಕುಟ್ಟಿದ.

ಯಂತ್ರ ಸುಮ್ಮನಾಯಿತು. ಪಟ್ಟಿ ಬಂತು. ಅವನ ಎದೆ ಸುಮ್ಮನಾಗಲಿಲ್ಲ. ಏನೂ ಆಗಿಲ್ಲ ಅಂದವಳನ್ನು ಅವನು ಒಮ್ಮೆ ನಂಬಿದ್ದ.

ಅಜ್ಜಾರು ಪಟ್ಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಕೆಳಕ್ಕೆ ಸರಿಸಿದರು.

"ಆಚೆದಂಡಿ ಬಸಮ್ಮ ಎಲ್ಲಿ?"

"ಇರಬೇಕಲ್ರಿ."

"ಇಲ್ಲ."

"ಯಂತ್ರ ಏನೂ ತಕರಾರು ಮಾಡ್ಲಿಲ್ರಿ."

"ಮಾಡಬ್ಯಾಡ ಅಂದಾವ್ರು ಯಾರು?"

ದುಂಡಪ್ಪ ತೆರೆದಿದ್ದ ನೋಟ್‌ಬುಕ್ಕು ಮುಚ್ಚಿಟ್ಟ.

"ಹೊಕ್ಕಿನ ಅಡ್ಡ ಎಳಿ ಹರಿದ್ರ ಕರೆಂಟಿನ ಮಗ್ಗ ಏನ್ ಮಾಡ್ತೈತಿ?"

"ನಿಲ್ತೈತ್ರಿ. ಅದಕ್ಕಂತ ಒಂದು ಕಡ್ಡಿ ಇರ್ತೈತಿ."

"ಕಡ್ಡಿ ಕಟ್ಟಿ ಹಾಕಿದ್ರ?"

"ಓಡ್ತಾನ ಇರ್ತೈತ್ರಿ. ಸೀರಿ ಕೆಡ್ತೈತಿ."

"ನೀ ಎಂದರ ಕಟ್ಟಿದ್ದಿ ಏನು?"

"ಒಮ್ಮೆ ಕಟ್ಟಿದ್ನಿರಿ. ನಾಕು ಸೀರಿ ಹೋದುವು."

ಹೇಳಿದ್ದು ಆಮೇಲೆ ಅವನಿಗೇ ಕೇಳಿಸಿತು.

ಅಜ್ಜಾರು ಬಂದು ಅವನ ಪಕ್ಕ ಕೂತರು. ಕೀಲಿಮಣೆ ಮುಟ್ಟಲಿಲ್ಲ.

"ಆ ಸಾಲು ಅಳಿಸು. ಯಂತ್ರ ಬೈಯ್ಲಿ. ನೀ ಓದು."

ಕೆಂಪು ಗುರುತು ಮರಳಿ ಬಂತು. ದುಂಡಪ್ಪನ ಬೆರಳು ಓಕೆ ಕಡೆ ಓಡಿತು. ಅಜ್ಜಾರು ಆ ಬೆರಳು ಹಿಡಿದುಕೊಂಡರು.

"ಬಂದ ಮಾತು ಹೊರಗ ಹಾಕಬ್ಯಾಡ. ಏನಂತೈತಿ ಕೇಳು."

ಅವನು ಅಕ್ಷರ ಕೂಡಿಸಿದ. ತಿಳಿಯದ್ದನ್ನು ಕೇಳಿದ. ಬಹಳ ಹೊತ್ತು ಹಿಡಿಯಿತು.

"ಇಲ್ಲಿ ಖಾಲಿ ಐತಿ, ನನಗ ದಾಟಾಕ ಬರೂದಿಲ್ಲ ಅಂತೈತ್ರಿ."

"ಯಾರ ಹತ್ರ ಖಾಲಿ?"

"ಬಸಮ್ಮನ ಹತ್ರರೀ. ನೋಡಿಕೊಳ್ಳಾವ್ರ ಜಾಗಾ."

"ಯಾಕ ಖಾಲಿ?"

"ಆಕಿ ಗಂಡ ಹ್ವಾದ ತಿಂಗಳ ತೀರಿಕೊಂಡ್ರಿ. ನಾನಽ ಹೆಸರು ಅಳಿಸಿದೆ. ಬ್ಯಾರೆ ಯಾರ್ದು ಬರೀಬೇಕು, ತಿಳೀಲಿಲ್ಲ."

ಹುಡುಕಿದರು. ಅಂಥವರು ಇನ್ನೂ ನಾಲ್ವರು, ಈ ತಿಂಗಳೇ ಹೊಸದಾಗಿ ಸೇರಿದವರು. ಐವರಿಗೂ ಹಿಂದೆಮುಂದೆ ಯಾರೂ ಇಲ್ಲ. ಐವರೂ ಪಟ್ಟಿಯಿಂದ ಹೊರಗೆ ಬಿದ್ದಿದ್ದರು.

ದುಂಡಪ್ಪ ಕೀಲಿಮಣೆಗೆ ಕೈ ಹಾಕಿದ. "ಏನರ ಒಂದು ತುಂಬಿಬಿಡ್ಲೇನ್ರಿ?"

"ಖಾಲಿ ಇರಲಿ. ಖಾಲಿ ಇದ್ದಾವ್ರನ್ನೂ ಕರಿ ಅಂತ ಯಂತ್ರಕ್ಕ ಹೇಳು."

ಆ ಒಂದು ಸಾಲು ತಿದ್ದುವಷ್ಟರಲ್ಲಿ ಹೊತ್ತು ಮುಳುಗಿತು. ಮೂರು ಸಲ ಯಂತ್ರ ಬೈಯಿತು. ಮೂರು ಸಲವೂ ಅವನು ಓದಿದ. ನಾಲ್ಕನೆಯ ಸಲ ಬಸಮ್ಮ ಪಟ್ಟಿಗೆ ಬಂದಳು.

ಮರುದಿನ ಬೆಳಿಗ್ಗೆ ದುಂಡಪ್ಪ ಮಠದ ಕಟ್ಟೆಯ ಮೇಲೆ ನಿಂತು ಹೆಸರು ಕೂಗಿದ. ಜನ ಇಬ್ಬಿಬ್ಬರಾಗಿ ಬಂದರು, ನುಂಗಿದರು, ಹೋದರು.

ಬಸಮ್ಮ ಒಬ್ಬಳೇ ಬಂದಳು. ಪೊಟ್ಟಣ ಇಸಕೊಂಡು ಸೆರಗಿಗೆ ಗಂಟು ಹಾಕಿದಳು.

"ಮನಿಗೆ ಹೋಗಿ ನುಂಗ್ತೀನಿ, ತಮ್ಮಾ. ಇಲ್ಲಿ ನನಗ ನೀರು ಕೊಡಾವ್ರು ಯಾರದಾರ?"

"ನಿಲ್ಲು ಯವ್ವಾ."

ಅವನು ಪಟ್ಟಿಯನ್ನು ಕಟ್ಟೆಯ ಮೇಲಿಟ್ಟ. ತಂಬಿಗೆ ತೆಗೆದುಕೊಂಡು ಕೆಳಗಿಳಿದ. ನೀರು ತುಳುಕಿ ಅವಳ ಕಾಲ ಮೇಲೆ ಬಿತ್ತು. ಮುದುಕಿಯ ಬೆರಳಿಗೆ ಗಂಟು ಬಿಚ್ಚಲು ಬರುತ್ತಿರಲಿಲ್ಲ.

ಸಾಲಿನಲ್ಲಿ ಗುಸುಗುಸು ಎದ್ದಿತು. ಯಾರೋ ಕೂಗಿದರು: "ಮುಂದಿನ ಹೆಸರು ಓದೋ ಮಾರಾಯಾ! ದೋಣಿ ಹೋಗ್ತೈತಿ!"

ದುಂಡಪ್ಪ ಗಾಬರಿಯಾಗಿ ಅಜ್ಜಾರ ಕಡೆ ನೋಡಿದ.

"ಆಕಿ ನುಂಗೂತನಕ," ಎಂದರು ಅಜ್ಜಾರು, "ಮುಂದಿನ ಹೆಸರಿಲ್ಲ."