ಹನ್ನೊಂದನೆಯ ದಿನದ ಕಡ್ಡಿ

ಕಾಗೆಯ ಗೂಡಿನಲ್ಲಿ ಬೆಳೆದ ಕೋಗಿಲೆಯ ಮರಿ ಒಂದು ಬೆಳಿಗ್ಗೆ ಕಾ ಎನ್ನುವ ಬದಲು ಕುಹೂ ಎಂದಿತು. "ನೀನು ನಮ್ಮವನಲ್ಲ" ಎಂದು ಕಾಗೆ ಅದನ್ನು ಹೊರಗೆ ಹಾಕಿತು. ಮರಿಗೆ ಹಾರಲು ಬರುತ್ತಿತ್ತು. ತಾನೇ ಹುಡುಕಿ ತಿನ್ನಲು ಇನ್ನೂ ಬರುತ್ತಿರಲಿಲ್ಲ.

ಅದು ಆಲದ ಮರದ ಯಜಮಾನನಾದ ಗಿಳಿಯ ಬಳಿ ಹೋಗಿ ಇರಲು ಒಂದು ಪೊಟರೆ ಕೇಳಿತು.

"ಪೊಟರೆಗಳು ಖಾಲಿ ಇವೆ. ಆದರೆ ಅವು ತಮ್ಮ ಹೊಟ್ಟೆ ತಾವು ಹೊರೆಯುವವರಿಗೆ. ಮೊದಲು ಊಟಕ್ಕೊಂದು ದಾರಿ ಮಾಡಿಕೊಂಡು ಬಾ" ಎಂದಿತು ಗಿಳಿ.

ಮರಿ ದಿಕ್ಕಿಲ್ಲದವರಿಗೆ ಹಣ್ಣು ಹಂಚುವ ಮುದಿ ಪಾರಿವಾಳದ ಬಳಿ ಹೋಯಿತು.

"ಕೊಡಲೆಂದೇ ನಾನಿರುವುದು. ನಿನ್ನ ಗೂಡು ಯಾವ ಕೊಂಬೆಯಲ್ಲಿದೆ ಹೇಳು, ಅಲ್ಲಿಗೇ ತಲುಪಿಸುತ್ತೇನೆ."

"ಗೂಡಿಲ್ಲ, ಅಜ್ಜಿ."

"ಹಾಗಾದರೆ ಗೂಡು ಸಿಕ್ಕ ಮೇಲೆ ಬಾ, ಮಗು."

ಮೂರು ದಿನ ಮರಿ ಇವರಿಬ್ಬರ ನಡುವೆ ಹಾರಾಡಿತು. ನಾಲ್ಕನೆಯ ದಿನ ಮರದ ಬುಡದಲ್ಲಿ ಸತ್ತು ಬಿದ್ದಿತ್ತು.

ಸತ್ತವರ ಹೆಸರಿನಲ್ಲಿ ಹನ್ನೊಂದನೆಯ ದಿನ ಎಲ್ಲರೂ ಒಂದೊಂದು ಕಡ್ಡಿ, ಒಂದೊಂದು ಹಣ್ಣು ತಂದಿಡುವುದು ಆ ಮರದ ಪದ್ಧತಿ. ಗಿಳಿ ತಂದಿಟ್ಟಿತು, ಪಾರಿವಾಳ ತಂದಿಟ್ಟಿತು. ಕಾಗೆಯೂ ಬಂತು. ಸಂಜೆಯ ಹೊತ್ತಿಗೆ ಅಲ್ಲಿ ಒಂದು ಗೂಡಿಗಾಗುವಷ್ಟು ಕಡ್ಡಿಯೂ ಒಂದು ತಿಂಗಳಿಗಾಗುವಷ್ಟು ಹಣ್ಣೂ ಸೇರಿತ್ತು.

ನಿನ್ನ ಗೂಡೆಲ್ಲಿ ಎಂದು ಅಂದು ಯಾರೂ ಕೇಳಲಿಲ್ಲ.